ಹೆಂಗಸರ ಅಚ್ಚಿನ ಬೂಟು

ಲೀಲಾ,

ಮದುವೆಯಾದ ಮೇಲೆ ನಿನಗೆ ಬರೆಯುತ್ತಿರುವ ಮೊದಲ ಕಾಗದ ಇದು. ಕೈಯಲ್ಲಿ ಫೋನಿರುವಾಗ ಇದೇನು ಹೊಸ ಹುಚ್ಚು ಎಂದು ನಗಬೇಡ. ಝಾರ್ಖಂಡಿನ ಆ ಕ್ರೇನ್ ತರಬೇತಿ ಹಾಸ್ಟೆಲಿನಿಂದ ನೀನು ಫೋನು ಮಾಡಿದಾಗಲೆಲ್ಲ ನಾನು ಈ ಮಾತು ತೆಗೆಯಲು ನೋಡುತ್ತೇನೆ. ನೀನು, "ಅದೆಲ್ಲ ಇರ್ಲಿ ಬಿಡ್ರಿ, ಊಟ ಆತೇನ್ರಿ? ಅತ್ತಿ ಗುಳಿಗಿ ತಗೊಂಡ್ರೇನ್ರಿ?" ಎಂದು ದಾರಿ ತಪ್ಪಿಸುತ್ತೀ. ಯಾರಾದರೂ ಹೊಗಳಿದರೆ ನಿನಗೆ ಮುಳ್ಳಿನ ಮೇಲೆ ನಿಂತಂತಾಗುತ್ತದೆ. ಕಾಗದದಲ್ಲಾದರೆ ನಡುವೆ ಬಾಯಿ ಹಾಕಲು ಬರುವುದಿಲ್ಲ. ಕುಳಿತು ಪೂರ್ತಿ ಓದು.

ನಾನು ಚಪ್ಪಲಿ ಅಂಗಡಿಯವನ ಮಗ. ಬಂದವರ ಮುಖಕ್ಕಿಂತ ಮೊದಲು ಅವರ ಕಾಲು ನೋಡುವುದು ನಮ್ಮ ಮನೆತನದ ಚಾಳಿ. ಜೂನ್ ಬಂತೆಂದರೆ ಶಾಲೆಯ ಮಕ್ಕಳ ಕಪ್ಪು ಬೂಟು, ಲಗ್ನದ ಕಾಲಕ್ಕೆ ಕೊಲ್ಹಾಪುರಿ, ಹೊಲಕ್ಕೆ ಹೋಗುವವರಿಗೆ ಟೈರಿನ ಅಟ್ಟೆಯ ದಪ್ಪ ಚಪ್ಪಲಿ, ಗಿಣಿಗೇರಾದ ಕಾರ್ಖಾನೆಗಳಿಗೆ ಹೋಗುವ ಹುಡುಗರಿಗೆ ಉಕ್ಕಿನ ಮೂತಿಯ ಸೇಫ್ಟಿ ಬೂಟು. ಕೊಪ್ಪಳದಲ್ಲಿ ನಮ್ಮ ಅಂಗಡಿಯಲ್ಲಿ ಸಿಗದ ಪಾದರಕ್ಷೆ ಇಲ್ಲವೆಂದು ಅಪ್ಪ ಹೇಳುತ್ತಿದ್ದರು, ನಾನೂ ಹೇಳುತ್ತಿದ್ದೆ. ಹನುಮಸಾಗರದಿಂದ ಸೊಸೆಯಾಗಿ ಬಂದ ನೀನು, ಐಟಿಐ ಓದಿದವಳು, ಉಕ್ಕಿನ ಕಾರ್ಖಾನೆಯಲ್ಲಿ ಕ್ರೇನ್ ನಡೆಸುವ ಕೆಲಸಕ್ಕೆ ಸೇರಿದ ಮೇಲೆಯೇ ನಮ್ಮ ಅಂಗಡಿಯಲ್ಲಿ ಏನಿಲ್ಲವೆಂದು ತಿಳಿದದ್ದು.

ಕಾರ್ಖಾನೆಯವರು ಕೊಟ್ಟ ಬೂಟು ಗಂಡಸರದು. ಅವರಲ್ಲಿದ್ದ ಎಲ್ಲಕ್ಕಿಂತ ಸಣ್ಣ ಜೋಡಿಯೂ ನಿನ್ನ ಕಾಲಿಗೆ ದೊಡ್ಡದೇ. ಎರಡೆರಡು ಕಾಲುಚೀಲ ಹಾಕಿಕೊಂಡೆ, ಮುಂದೆ ಹತ್ತಿ ತುರುಕಿದೆ. ಸಂಜೆ ಮನೆಗೆ ಬಂದಾಗ ಹೆಬ್ಬೆರಳ ಉಗುರು ಕಪ್ಪಾಗಿರುತ್ತಿತ್ತು. ನಮ್ಮ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಹರಿದದ್ದನ್ನು ಹೊಲಿಯುವ ಹಾಜಿಸಾಬರಿಗೆ ಆ ಬೂಟು ತೋರಿಸಿದೆವು. ನೆನಪಿದೆಯಲ್ಲ? ಅವರು ಒಳಗೆ ಕೈ ಹಾಕಿ, ಬೆರಳು ಕಾಯುವ ಉಕ್ಕಿನ ಟೋಪಿಯ ಅಂಚು ಮುಟ್ಟಿ ನೋಡಿದರು. ಬೂಟು ದೊಡ್ಡದಾದರೆ ಪಾದ ಮುಂದಕ್ಕೆ ಜಾರಿ ಆ ಉಕ್ಕಿಗೇ ಬಡಿಯುತ್ತದೆ. ನಡೆಯುವಾಗ ಮಡಚಬೇಕಾದ ಜಾಗದಲ್ಲಿ ಅದರ ಅಂಚು ಒತ್ತುತ್ತದೆ. ಹಿಮ್ಮಡಿ ಸಡಿಲವಾಗಿ, ಏಣಿ ಹತ್ತುವಾಗ ಬೂಟು ಕಾಲಿನಿಂದ ಕಳಚಿಕೊಳ್ಳಬಹುದು. ಕಾಯಬೇಕಾದದ್ದೇ ಕಚ್ಚುತ್ತಿತ್ತು.

"ಬೇಟಿ, ಹೆಂಗಸರ ಕಾಲು ಅಂದ್ರ ಗಂಡಸರ ಕಾಲಿನ ಸಣ್ಣ ಮರಿ ಅಲ್ಲವ್ವಾ," ಎಂದರು ಹಾಜಿಸಾಬರು. "ಹಿಮ್ಮಡ ಸಪೂರ, ಮುಂಗಾಲು ಬ್ಯಾರೆ. ಬೂಟಿನ ಅಚ್ಚೂ ಬ್ಯಾರೆ ಇರಬೇಕು. ಹತ್ತಿ ತುರುಕಿದ್ರ ಎಷ್ಟ ದಿನ ನಡೀತೈತಿ?"

ಯಾವ ಬೂಟಾದರೂ ಒಂದು ಅಚ್ಚಿನ ಮೇಲೆ ಹುಟ್ಟುತ್ತದೆ. ಕಾಲಿನ ಆಕಾರದ ಆ ಅಚ್ಚಿಗೆ ತೊಗಲು ಎಳೆದು ಬಿಗಿಯುತ್ತಾರೆ, ಕೆಳಗೆ ಅಟ್ಟೆ ಕೂರಿಸುತ್ತಾರೆ. ಅಚ್ಚು ತಪ್ಪಿದರೆ ಎಂಥ ತೊಗಲಿದ್ದರೂ ವ್ಯರ್ಥ. ತಮಿಳುನಾಡಿನ ಆಂಬೂರಿನಲ್ಲಿ ಹೆಂಗಸರ ಅಚ್ಚಿನ ಮೇಲೆ ಸೇಫ್ಟಿ ಬೂಟು ಮಾಡುವವರನ್ನು ಹುಡುಕಿ, ಒಂದು ಜೋಡಿ ತರಿಸಿದೆ. ನೀನು ಅದನ್ನು ಹಾಕಿಕೊಂಡು ಪಡಸಾಲೆಯಲ್ಲಿ ನಡೆದೆ, ಮಾಳಿಗೆಯ ಮೆಟ್ಟಿಲು ಓಡಿ ಹತ್ತಿ ಓಡಿ ಇಳಿದೆ, ಅವ್ವನೆದುರು ನಿಂತು ನಕ್ಕೆ. ಆಮೇಲೆ ಕೆಳಗೆ ಕುಳಿತು ದಾರ ಬಿಚ್ಚಿ, ಎರಡನ್ನೂ ತಿರುಗಿ ಡಬ್ಬಿಯಲ್ಲಿಟ್ಟೆ.

"ಇದನ್ನ ನಾ ಹಾಕ್ಕೊಳ್ಳಂಗಿಲ್ರಿ."

ನನಗೆ ಅರ್ಥವಾಗಲಿಲ್ಲ. ಆಗ ನೀನು ಹುಲಗೆಮ್ಮನ ಹೆಸರು ಹೇಳಿದೆ. ನಿನ್ನ ಕ್ರೇನಿನ ಕೆಳಗೆ, ಹಳೇ ಕಬ್ಬಿಣದ ರಾಶಿಯಲ್ಲಿ ಚೂರು ಆರಿಸುವ ಗುತ್ತಿಗೆಯ ಹೆಂಗಸರಲ್ಲಿ ಹಿರಿಯಳು ಅವಳು. ಎಲ್ಲರ ಕಾಲಲ್ಲೂ ಪ್ಲಾಸ್ಟಿಕ್ ಚಪ್ಪಲಿ. "ನನ್ನ ಕೊಂಡಿಗೆ ನೇತಾಡೋ ಕಬ್ಬಿಣ ಅವ್ರ ಮುಂದ ಹಾದು ಹೋಗತೈತ್ರಿ. ಮ್ಯಾಲ ಕುಂತಾಕಿಗೆ ಬೂಟು, ಕೆಳಗ ನಿಂತಾರಿಗೆ ಚಪ್ಲಿ. ಇದ್ಯಾವ ನ್ಯಾಯ ಹೇಳ್ರಿ?"

ಮುಂದಿನ ಸುರಕ್ಷತೆಯ ಸಭೆಗೆ ನೀನು ಆ ಡಬ್ಬಿ ತೆಗೆದುಕೊಂಡು ಹೋದೆ. ಅಲ್ಲಿ ನಡೆದದ್ದನ್ನು ನೀನು ನನಗೆ ಅರ್ಧವೇ ಹೇಳಿದ್ದೀ. ಉಳಿದರ್ಧವನ್ನು ನಿನ್ನ ಜೊತೆಯ ಕ್ರೇನ್ ಚಾಲಕ ಯಮನೂರ ಅಂಗಡಿಗೆ ಬಂದು ಹೇಳಿದ. ಗುತ್ತಿಗೆಯ ಹೆಂಗಸರ ಬೂಟು ಗುತ್ತಿಗೆದಾರನ ಹೊಣೆ, ಕಂಪನಿಯದಲ್ಲ ಎಂದು ಅಧಿಕಾರಿ ಹೇಳಿದರಂತೆ. ನೀನು ಎದ್ದು ನಿಂತು, "ಕಬ್ಬಿಣಕ್ಕ ಗುತ್ತಿಗಿ ಗೊತ್ತಿಲ್ರಿ ಸರ್. ಅದು ಯಾರ ಕಾಲ ಮ್ಯಾಲಾದ್ರೂ ಬೀಳತೈತಿ," ಎಂದೆಯಂತೆ. ಬೂಟಿಲ್ಲದವರು ಕೆಳಗಿದ್ದರೆ ಭಾರ ಎತ್ತಬಾರದೆಂದು ನಿಯಮವಿದೆ, ಇನ್ನು ಮೇಲೆ ಅದರಂತೆಯೇ ನಡೆಯುತ್ತೇನೆ ಎಂದೂ ಹೇಳಿದೆಯಂತೆ. ಮರುದಿನ ಅದರಂತೆಯೇ ನಡೆದೆ. ನಿನ್ನ ಕ್ರೇನ್ ನಿಂತಿತು. ವಿಚಾರಣೆ ಮುಗಿಯುವವರೆಗೆ ಕೆಲಸಕ್ಕೆ ಬರಬೇಡವೆಂದು ನಿನ್ನನ್ನು ಮನೆಗೆ ಕಳಿಸಿದರು.

ಆ ದಿನಗಳಲ್ಲಿ ಯಲಬುರ್ಗಾದಿಂದ ನನ್ನ ದೊಡ್ಡಪ್ಪ ಬಂದು, ತಪ್ಪಾಯಿತೆಂದು ಬರೆದುಕೊಟ್ಟು ಬಾ ಎಂದು ನಿನಗೆ ಬುದ್ಧಿ ಹೇಳಿದರು. ನೀನು ತಲೆ ತಗ್ಗಿಸಿ ಚಹ ಕೊಟ್ಟೆ. ಅವ್ವ ಅಡುಗೆಮನೆಯಿಂದ ಹೊರಗೆ ಬಂದು, "ಕೆಲಸ ಇನ್ನೊಂದು ಸಿಗತೈತಿ. ಆಡಿದ ಮಾತು ನುಂಗಬ್ಯಾಡ ನೀ," ಎಂದಳು. ದೊಡ್ಡಪ್ಪನೆದುರು ಅವ್ವ ಬಾಯಿ ತೆರೆದದ್ದನ್ನು ನಾನು ಅಂದೇ ಮೊದಲು ನೋಡಿದ್ದು. ನೀನು ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನೂ ನೋಡಿದೆ. ಕೆಲಸ ಹೋಗುವುದೆಂಬ ಹೆದರಿಕೆಗೆ ಬಾರದ ಕಣ್ಣೀರು ಅವ್ವನ ಆ ಮಾತಿಗೆ ಬಂದಿತ್ತು.

ನಿನಗೆ ಬದಲಾಗಿ ಕ್ರೇನ್ ಹತ್ತಲು ಯಮನೂರನಿಗೆ ಹೇಳಿದರು. ಅವನು ಹತ್ತಿದ, ಕೆಳಗೆ ನೋಡಿದ, ಇಳಿದು ಬಂದ. "ಅಕ್ಕಾರು ಹೇಳಿದ್ದು ನಿಯಮದ ಪುಸ್ತಕದಾಗ ಐತ್ರಿ, ನಾನೂ ಎತ್ತಂಗಿಲ್ಲ," ಎಂದ. ಇನ್ನೊಬ್ಬನೂ ಅದನ್ನೇ ಹೇಳಿದ. ಆಗ ಮೇಲಧಿಕಾರಿಗಳೇ ಸ್ಥಳಕ್ಕೆ ಬಂದು ಕೆಳಗೆ ನಿಂತ ಕಾಲುಗಳನ್ನು ನೋಡಿದರು. ವಾರ ಕಳೆಯುವುದರೊಳಗೆ ನಿನ್ನನ್ನು ತಿರುಗಿ ಕರೆದರು; ಗುತ್ತಿಗೆಯವರೂ ಸೇರಿ ಎಲ್ಲ ಹೆಂಗಸರಿಗೂ ಅವರದೇ ಅಳತೆಯ ಬೂಟು ಎಂದು ಒಪ್ಪಿಕೊಂಡರು.

ಅಂದು ರೊಟ್ಟಿ ತಟ್ಟುತ್ತ ನೀನು ಹೇಳಿದ ಮಾತು: "ಆ ಆರ್ಡರು ನಮ್ಮ ಅಂಗಡಿಗೆ ಬರಬಾರದ್ರಿ. ಬಂದ್ರ ನಾ ಆಡಿದ್ದೆಲ್ಲ ಯಾಪಾರದ ಮಾತಾಗತೈತಿ." ಕೈಗೆ ಬಂದ ವ್ಯಾಪಾರ ಹೋಯಿತಲ್ಲ ಎಂದು ಒಂದು ಕ್ಷಣ ಅನಿಸಿತು, ಸುಳ್ಳು ಹೇಳುವುದಿಲ್ಲ. ಆದರೆ ಅದೇ ಕ್ಷಣದಲ್ಲಿ ನಿನ್ನ ಗಂಡನಾಗಿರುವುದಕ್ಕೆ ನನ್ನ ಎದೆ ಉಬ್ಬಿತು. ಬೂಟು ಆಂಬೂರಿನಿಂದ ನೇರವಾಗಿ ಕಾರ್ಖಾನೆಗೇ ಹೋಯಿತು.

ಅದಕ್ಕೂ ಮೊದಲು, ಅಳತೆ ತೆಗೆಯಲು ಮಾತ್ರ ನೀನು ನನ್ನನ್ನೂ ಹಾಜಿಸಾಬರನ್ನೂ ಕರೆದಿದ್ದೆ. ಹೆಂಗಸರು ನಾಚಿ ಪಾದವನ್ನು ಸೀರೆಯೊಳಗೆ ಎಳೆದುಕೊಳ್ಳುತ್ತಿದ್ದರು. ಆ ಪಾದಗಳನ್ನು ಅದುವರೆಗೆ ಯಾರೂ ಅಳೆದಿರಲಿಲ್ಲ. ಹಾಜಿಸಾಬರು ನೆಲಕ್ಕೆ ಕುಳಿತು, ಕಾಗದ ಹಾಸಿ, ಒಂದೊಂದೇ ಪಾದದ ಸುತ್ತ ಪೆನ್ಸಿಲ್ ಎಳೆದರು. ಬೂಟು ಬಂದ ದಿನ ಯಾವುದು ಎಡದ್ದು, ಯಾವುದು ಬಲದ್ದು ಎಂದು ಹುಲಗೆಮ್ಮ ಕೇಳಿದಾಗ ಒಬ್ಬರೂ ನಗಲಿಲ್ಲ, ಏಕೆಂದರೆ ನೀನು ಆಗಲೇ ಅವಳ ಮುಂದೆ ಮಂಡಿಯೂರಿ ದಾರ ಕಟ್ಟುತ್ತಿದ್ದೆ. ಬೂಟನ್ನು ಹೇಗೆ ಜೋಪಾನ ಮಾಡಬೇಕೆಂದು ನೀನೇ ಕಲಿಸಿದೆ: ದಿನಾ ದೂಳು ಒರೆಸಿ, ನೀರಲ್ಲಿ ನೆನೆಸಬೇಡಿ, ತೊಯ್ದರೆ ಒಳಗೆ ಹಳೇ ಪೇಪರು ತುರುಕಿ ನೆರಳಲ್ಲಿ ಒಣಗಿಸಿ, ಬಿಸಿಲಿಗೋ ಒಲೆಯ ಹತ್ತಿರವೋ ಇಟ್ಟರೆ ತೊಗಲು ಬಿರಿಯುತ್ತದೆ, ವಾರಕ್ಕೊಮ್ಮೆ ಪಾಲಿಶ್ ತಿಕ್ಕಿ. "ಮತ್ತ ಒಂದ ಮಾತು. ಮೂತಿಗೆ ಜೋರು ಪೆಟ್ಟು ಬಿದ್ದ ಬೂಟು ಮ್ಯಾಲ ಎಷ್ಟ ಚಂದ ಕಂಡ್ರೂ ಮತ್ತ ಹಾಕ್ಕೊಬ್ಯಾಡ್ರಿ. ಒಳಗಿನ ಉಕ್ಕು ಸೋತಿರತೈತಿ."

ಈಗ ಮೊನ್ನೆಯ ಸುದ್ದಿ. ಇದನ್ನು ಹೇಳಲೆಂದೇ ಇಷ್ಟು ಬರೆದದ್ದು.

ಮೊನ್ನೆ ಮಧ್ಯಾಹ್ನ ಅಂಗಡಿ ಗಿರಾಕಿಗಳಿಂದ ತುಂಬಿತ್ತು. ಹುಲಗೆಮ್ಮ ಬಂದು ಕೈಚೀಲದಿಂದ ಒಂದು ಬೂಟು ತೆಗೆದು ಗಲ್ಲೆಯ ಮೇಲಿಟ್ಟಳು. ಮೂತಿ ತಗ್ಗಾಗಿತ್ತು, ತೊಗಲು ಹರಿದು ಉಕ್ಕು ಕಾಣುತ್ತಿತ್ತು. ರಾಶಿಯಿಂದ ಕಬ್ಬಿಣದ ತುಂಡೊಂದು ಉರುಳಿ ನೇರ ಅವಳ ಕಾಲ ಮೇಲೆ ಬಿದ್ದಿತ್ತಂತೆ. ಗಾಬರಿಯಿಂದ ನಾನು ಅವಳ ಕಾಲು ನೋಡಿದೆ. ಅವಳು ಚಪ್ಪಲಿ ಕಳಚಿ, ಅಷ್ಟು ಜನರೆದುರು ನಾಚದೆ, ಪಾದ ಮುಂದೆ ಚಾಚಿದಳು.

"ನೋಡ್ರಿ ಅಣ್ಣಾರ, ಬೆರಳು ಐದೂ ಅದಾವ. ಒಂದ ಹನಿ ರಗತ ಬಂದಿಲ್ಲ. ಹೊಸಾ ಬೂಟು ಕೊಟ್ಟಾರ. ಇದನ್ನ ಲೀಲವ್ವಗ ತೋರಸ್ರಿ, ಊರಿಂದ ಬಂದ ಮ್ಯಾಲ."

ಗಿರಾಕಿಗಳು ಸುತ್ತ ನೆರೆದು ಆ ಪಾದವನ್ನೂ ಬೂಟನ್ನೂ ನೋಡಿದರು. ಹಾಜಿಸಾಬರು ತಗ್ಗಾದ ಜಾಗಕ್ಕೆ ಬೆರಳಿಟ್ಟು ನೋಡಿದರು. ಆಮೇಲೆ ನಾನು ಅವಳಿಗೆ ಕುಡಿಯಲು ನೀರು ಕೊಟ್ಟು, ನಮ್ಮ ಅಂಗಡಿ ಅವಳಿಗೆ ಹೇಗೆ ಸಿಕ್ಕಿತು ಎಂದು ಕೇಳಿದೆ. ಅವಳಿಗೆ ಓದಲು ಬರುವುದಿಲ್ಲ, ಇಲ್ಲಿಗೆ ಹಿಂದೆಂದೂ ಬಂದವಳೂ ಅಲ್ಲ.

"ಬಸ್‌ಸ್ಟ್ಯಾಂಡಿನ್ಯಾಗ ಇಳಿದು ಆಟೋದವನ್ನ ಕೇಳಿದೆನ್ರಿ, ಕ್ರೇನ್ ಲೀಲವ್ವನ ಅಂಗಡಿ ಯಾದಪಾ ಅಂತ. ಸೀದಾ ತಂದು ಇಲ್ಲೇ ಇಳಿಸಿದ."

ನೋಡು ಲೀಲಾ, ಬೋರ್ಡಿನ ಮೇಲೆ ಅಪ್ಪನ ಹೆಸರಿದೆ, ಲೈಸೆನ್ಸಿನಲ್ಲಿ ನನ್ನ ಹೆಸರಿದೆ. ಊರಿನ ಬಾಯಲ್ಲಿ ಮಾತ್ರ ಅಂಗಡಿ ನಿನ್ನದಾಗಿದೆ. ಅಪ್ಪ ಬದುಕಿದ್ದರೆ ಗಲ್ಲೆಯ ಮೇಲೆ ಕೈ ಬಡಿದು ನಗುತ್ತಿದ್ದರು. ನಾನೂ ನಕ್ಕೆ, ಗಿರಾಕಿಗಳೆಲ್ಲ ತಿರುಗಿ ನೋಡುವಷ್ಟು ಜೋರಾಗಿ.

ಅಲ್ಲಿ ಕಲಿಯುವುದನ್ನೆಲ್ಲ ಕಲಿತು ಬಾ. ಎತ್ತಿದ ಭಾರವೆಲ್ಲ ನಿನ್ನ ಕೈಯಿಂದ ಸುರಕ್ಷಿತವಾಗಿ ನೆಲ ಮುಟ್ಟಲಿ, ಗವಿಸಿದ್ಧೇಶ ನಿನ್ನನ್ನೂ ನಿನ್ನ ಕೆಳಗೆ ನಿಂತವರನ್ನೂ ಕಾಯಲಿ.

ಇಂತಿ,
ಕ್ರೇನ್ ಲೀಲವ್ವನ ಗಂಡ
ಕೊಟ್ರೇಶ