ಕೆಂಪು ಬೆಳಕಿನ ಚರಣ

ಕಿಕ್ವಾಜುನಿ, ಜಾಂಜಿಬಾರ್
ಶನಿವಾರ, ೧೪ ಜುಲೈ ೨೦೧೮

ಆಸ್ಯಾಗೆ, ಸಲಾಮು.

ಹೆಸರಿನ ಹಿಂದೆ ‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದ್ದೇನೆ. ಅಲ್ಲಿ ಕಾಣುವ ಶಾಯಿಯ ಗೀರು ಅದೇ. ಫೋನಿನಲ್ಲಿ ನನ್ನ ನಂಬರು ತಡೆದಿಟ್ಟಿದ್ದೀಯ, ಮನೆಗೆ ಬಂದರೆ ಒಳಗಿದ್ದುಕೊಂಡೇ ಇಲ್ಲವೆಂದು ಹೇಳಿಸುತ್ತೀಯ. ಹಾಗಾಗಿ ಕಾಗದ. ಹರಿಯುವ ಮೊದಲು ಒಮ್ಮೆ ಓದು, ಆಮೇಲೆ ಹರಿದರೂ ನನಗೆ ನಷ್ಟವಿಲ್ಲ.

ನಿನ್ನೆ ಜುಮ್ಮಾ ನಮಾಜು ಮುಗಿದು ಬೀದಿ ತುಂಬ ಜನ ಇರುವಾಗ ನನ್ನ ಸ್ಟುಡಿಯೋ ಬಾಗಿಲಲ್ಲಿ ನಿಂತು ಕೂಗಾಡಿದೆಯಲ್ಲ, ಆಗ ಒಳಗೆ ಸ್ಟೂಲಿನ ಮೇಲೆ ಪಾಸ್‌ಪೋರ್ಟ್ ಚಿತ್ರಕ್ಕೆಂದು ಗದ್ದ ಎತ್ತಿ ಕೂತಿದ್ದವರು ಮದರಸಾದ ಮೇಷ್ಟ್ರು. ಪಾಪ, ನೀನು ಹೋಗುವವರೆಗೂ ಗದ್ದ ಇಳಿಸಲಿಲ್ಲ. “ನನ್ನ ಮಗಳ ಮದುವೆ ಮುರಿದವಳು ಇವಳೇ ನೋಡ್ರಪ್ಪಾ! ಬಣ್ಣದ ಫೋಟೋನ ಕಪ್ಪು-ಬಿಳಿ ಮಾಡಿ ನನ್ನ ಮುಖಕ್ಕೆ ಮಸಿ ಬಳಿದ್ಲು!” ಎಂದೆ. ಜನ ನಿಂತರು, ನೋಡಿದರು, ನಕ್ಕರು. ಆಮೇಲೆ ಒಳಗೆ ಬಂದು ದನಿ ತಗ್ಗಿಸಿ, “ನಮ್ಮ ಬೀಗಿತ್ತಿ ಬೀ ಖೋಲೆ ಹತ್ರ ಹೋಗಿ ಫೋಟೋದಲ್ಲಿರೋದು ನೀಲಿ ಬೆಳಕು ಅಂತ ಒಂದು ಮಾತು ಹೇಳು ಸಾಕು. ಒಂದು ಮಾತಿಗೆ ನಿನ್ನ ಬಾಯೇನು ಸವೆದುಹೋಗುತ್ತಾ?” ಎಂದೆ. ಬೈಗುಳ ಊರಿಗೆಲ್ಲ ಕೇಳುವಂತೆ, ಬೇಡಿಕೆ ಮಾತ್ರ ಪಿಸುಮಾತಿನಲ್ಲಿ. ಇದನ್ನು ನಿನ್ನಿಂದ ಕಲಿಯಬೇಕು.

ನಾನು ಹೇಳುವುದಿಲ್ಲ. ಮೂವತ್ತು ವರ್ಷದ ಗೆಳೆತನದ ಮೇಲೆ ಆಣೆಯಿಟ್ಟು ಕೇಳಿದರೂ ಹೇಳುವುದಿಲ್ಲ. ಅದು ನೀಲಿ ಬೆಳಕಾಗಿರಲಿಲ್ಲ. ಅದು ನಿನಗೂ ಗೊತ್ತು, ನನಗೂ ಗೊತ್ತು.

ನಿನಗೆ ಗೊತ್ತಿರುವುದನ್ನೇ ಬರೆಯುತ್ತೇನೆ, ಯಾಕೆಂದರೆ ನಿನ್ನೆ ನೀನು ಏನೂ ಗೊತ್ತಿಲ್ಲದವಳ ಹಾಗೆ ಮಾತಾಡಿದೆ. ಈದ್ ಮರುದಿನ ಮಧ್ಯಾಹ್ನ ಕ್ಲಬ್ಬಿನ ಸಭಾಂಗಣದಲ್ಲಿ ಬೀ ತೌಹಿದಾಳ ತಾರಬ್ ಹಾಡುಗಾರಿಕೆ ಇತ್ತು. ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಕಟ್ಟಿದ್ದರು. ಹೊರಗೆ ಮೈ ಸುಡುವ ಬಿಸಿಲು, ಒಳಗೆ ಬಾವಿಯ ಕತ್ತಲೆ. ದೀಪ ನೋಡಿಕೊಳ್ಳುವ ವುವಾಯ್‌ಗೆ ಇಡೀ ಜೀವಮಾನದಲ್ಲಿ ತಿಳಿದಿರುವುದು ಎರಡೇ ಬಣ್ಣ: ಪ್ರೇಮದ ಚರಣಕ್ಕೆ ನೀಲಿ, ಚುಚ್ಚುಮಾತಿನ ಚರಣಕ್ಕೆ ಕೆಂಪು. ಆ ಕೆಂಪಿಗೆ ನಾನು ಹಾಕಿರುವ ಶಾಪ ಅಷ್ಟಿಷ್ಟಲ್ಲ. ಕೆಂಪು ದೀಪದಡಿ ಕ್ಯಾಮೆರಾಗೆ ಮುಖವೇ ಸಿಗುವುದಿಲ್ಲ. ಕೆನ್ನೆ, ಮೂಗು, ತುಟಿ ಎಲ್ಲ ಟೊಮೆಟೊ ಸಾರಿನಲ್ಲಿ ಅದ್ದಿ ತೆಗೆದ ಹಾಗೆ ಒಂದೇ ಮುದ್ದೆಯಾಗುತ್ತದೆ. ಫ್ಲ್ಯಾಶ್ ಹಾಕೋಣವೆಂದರೆ ಬೀ ತೌಹಿದಾ ಬಿಡುವವಳಲ್ಲ. ಹೋದ ವರ್ಷ ದಾರ್ ಎಸ್ ಸಲಾಮ್‌ನಿಂದ ಬಂದ ಪತ್ರಿಕೆಯವನು ಒಮ್ಮೆ ಫ್ಲ್ಯಾಶ್ ಹೊಡೆದಾಗ ಪಿಟೀಲಿನವರನ್ನೆಲ್ಲ ಕೈಸನ್ನೆಯಿಂದ ನಿಲ್ಲಿಸಿ, “ಅಳಿಯಂದ್ರೇ, ಸಿಡಿಲು ಹೊಡೆಸೋಕೆ ದೇವರಿದ್ದಾನೆ, ನೀವು ಕೂತ್ಕೊಳ್ಳಿ” ಎಂದಿದ್ದಳು. ಅವನು ಆಮೇಲೆ ಕ್ಯಾಮೆರಾ ಚೀಲದಿಂದ ತೆಗೆಯಲೇ ಇಲ್ಲ.

ಹಾಗಾಗಿ ನನ್ನ ಕೆಲಸವೆಂದರೆ ಕಾಯುವುದು. ನಡುವಿನ ಓಣಿಯಲ್ಲಿ ಮಂಡಿಯೂರಿ, ಉಸಿರು ಬಿಗಿಹಿಡಿದು, ಅವಳು ಮೈಕನ್ನು ಬಾಯಿಂದ ಇಳಿಸುವ ಆ ಒಂದು ಗಳಿಗೆಗೆ ಕಾಯುವುದು. ಸಾಲು ಮುಗಿದು ಕೊಳಲು ಎತ್ತಿಕೊಳ್ಳುವಾಗ ಅವಳ ಕಣ್ಣು ಮುಚ್ಚುತ್ತದೆ, ತುಟಿ ಇನ್ನೂ ಅದುರುತ್ತಿರುತ್ತದೆ, ಮುಖದ ಮುಂದೆ ಮೈಕು ಇರುವುದಿಲ್ಲ. ಇಡೀ ಮಧ್ಯಾಹ್ನದಲ್ಲಿ ಅಂಥ ಗಳಿಗೆ ಹತ್ತು ಸಿಕ್ಕರೆ ಹೆಚ್ಚು. ಹತ್ತರಲ್ಲಿ ಒಂಬತ್ತಕ್ಕೆ ನಿಮ್ಮಂಥವರ ಬೆನ್ನು ಅಡ್ಡ ಬರುತ್ತದೆ.

ನನಗೆ ಕೆಲಸ ಕಲಿಸಿದ ಮುದುಕ ಹೇಳುತ್ತಿದ್ದ, “ಹಾಡೋಳನ್ನ ತೆಗಿ ಮಗಳೇ. ನೋಟು ಕೊಡೋಕೆ ಹೋಗೋರನ್ನ ತೆಗೀಬೇಡ. ಹಾಡೋಳು ದುಡ್ಡಿಗೆ ಹಾಡ್ತಾಳೆ, ಕೊಡೋರು ಹಗೆಗೆ ಕೊಡ್ತಾರೆ.” ಹೆಂಗಸೊಬ್ಬಳು ಯಾವ ಚರಣಕ್ಕೆ ಎದ್ದು, ಹಾಡುವವಳಿಗೆ ಕೊಡಲು ನೋಟು ಬೀಸಿಕೊಂಡು, ಯಾರ ಕಡೆ ಕಣ್ಣು ಹೊರಳಿಸುತ್ತಾ ಹೋದಳು ಎನ್ನುವುದರ ಮೇಲೆ ಈ ಊರಲ್ಲಿ ಎಷ್ಟು ಮನೆಗಳ ನಡುವೆ ಉಪ್ಪಿನಕಾಯಿ ಓಡಾಡುವುದು ನಿಂತಿಲ್ಲ! ನೀಲಿ ಬೆಳಕಿನಲ್ಲಿ ಹೋದರೆ ಗಂಡನ ಮೇಲೆ ಪ್ರೀತಿ ಉಕ್ಕಿದೆ ಎನ್ನುತ್ತಾರೆ. ಕೆಂಪಿನಲ್ಲಿ ಹೋದರೆ ಸಭೆಯಲ್ಲಿ ಕೂತ ಯಾರಿಗೋ ಗ್ರಹಚಾರ. ಹದಿನೆಂಟು ವರ್ಷ ಆ ಮುದುಕನ ಮಾತು ಮೀರಿರಲಿಲ್ಲ. ಮೀರಿದ್ದು ಒಮ್ಮೆ, ನಿನಗಾಗಿ.

ನೀನು ನೋಟು ಹಿಡಿದು ಎದ್ದಾಗ ತೆಗೆದ ಆ ಚಿತ್ರವನ್ನು ಕಪ್ಪು-ಬಿಳಿ ಮಾಡಿ ಕ್ಲಬ್ಬಿನ ಪಡಸಾಲೆಯಲ್ಲಿ ತೂಗುಹಾಕಿದೆ. ಬೀ ತೌಹಿದಾ ಕಣ್ಣು ಮುಚ್ಚಿ ಕೂತಿದ್ದಾಳೆ, ಎದುರಿಗೆ ನೀನು, ನೋಟು ಹಿಡಿದ ಕೈ ತಲೆಯ ಮೇಲೆ, ಮುಖ ಮಾತ್ರ ಅವಳ ಕಡೆಗಿಲ್ಲದೆ ಇತ್ತ ತಿರುಗಿದೆ, ತುಟಿಯ ಒಂದು ಕೊನೆ ಮೇಲಕ್ಕೆ ಎಳೆದಿದೆ. ಅಂದು ಸಭೆಯಲ್ಲಿ ಬೀ ಖೋಲೆಗೆ ಮುಂದೆ ನಿಂತ ಹೆಂಗಸರ ಬೆನ್ನು ಬಿಟ್ಟು ಏನೂ ಕಂಡಿರಲಿಲ್ಲ. ನಿನ್ನ ಮುಖ ಅವಳು ನೋಡಿದ್ದು ಚಿತ್ರದಲ್ಲೇ. ಕ್ಯಾಮೆರಾದ ಕಣ್ಣನ್ನೇ ನೋಡಿದ ಮುಖ, ಚಿತ್ರದ ಮುಂದೆ ಯಾರು ನಿಂತರೂ ಅವರನ್ನೇ ನೋಡುತ್ತದೆ. ಬೀ ಖೋಲೆ ಅದರ ಮುಂದೆ ಅರ್ಧ ಗಂಟೆ ನಿಂತಳಂತೆ. ಎಡಕ್ಕೆ ಹೋದಳಂತೆ, ಬಲಕ್ಕೆ ಹೋದಳಂತೆ, ನಿನ್ನ ಕಣ್ಣು ಬಿಡಲಿಲ್ಲವಂತೆ. ಆ ಎಳೆದ ತುಟಿ ನೋಡಿಯೇ ಕೆಂಪಿನ ಚರಣವೆಂದು ಊಹಿಸಿದಳು. ಸ್ವಂತ ಒಲೆಯಿಲ್ಲದೆ ಪರರ ಅಡಿಗೆಮನೆ ಮೂಸುವ ಹೆಂಗಸನ್ನು ಹಂಗಿಸುವ ಚರಣ ಅದು. ಅವಳು ಗಂಡ ಸತ್ತ ಮೇಲೆ ಮಗ ಉಸ್ಸಿಯ ಮನೆಯಲ್ಲಿ ಇರುವವಳು. ಇನ್ನೇನು ಬೇಕು! “ನನ್ನ ಉಸ್ಸಿಗೆ ಮಗಳನ್ನ ಕೊಡೋ ಮೊದಲೇ ನನ್ನನ್ನ ಹೊರಗೆ ಹಾಕೋ ಹಾಡು ಹಾಡಿಸ್ತಾಳೆ” ಎಂದು ಬುಧವಾರ ನಿನ್ನ ಮನೆಗೆ ಕಳಿಸಿದ್ದ ಹಲ್ವದ ಬುಟ್ಟಿ, ಬಟ್ಟೆ, ಅತ್ತರು ಎಲ್ಲ ವಾಪಸು ತರಿಸಿಕೊಂಡಳು. ಅಂದಿನಿಂದ ನಿನ್ನ ಮಗಳು ಸಬ್ರಾ ಕೋಣೆ ಬಿಟ್ಟು ಹೊರಗೆ ಬಂದಿಲ್ಲ ಎಂದು ಕೇಳಿದೆ. ಹುಟ್ಟಿದ ಏಳನೆಯ ದಿನ ಅವಳ ಮೊದಲ ಚಿತ್ರ ತೆಗೆದವಳು ನಾನು.

ಈಗ ನಿನ್ನ ಆಟ ಕೇಳು. ಚಿತ್ರದಲ್ಲಿ ಬಣ್ಣವಿಲ್ಲ. ಬಣ್ಣವಿಲ್ಲದಿದ್ದರೆ ಚರಣ ಯಾವುದೆಂದು ಯಾರಿಗೂ ಹೇಳಲಾಗದು. ಆ ಹಾಡನ್ನು ಜನ ಎರಡು ಸಲ ಹಾಡಿಸಿದರು, ಹತ್ತು ಹೆಂಗಸರು ಇಪ್ಪತ್ತು ಸಲ ಎದ್ದು ಹೋದರು, ವುವಾಯ್‌ಗೆ ನೆನಪಿಲ್ಲ. ಹಾಗಾಗಿ ಈ ಜೋಖಾ ಬಾಯಿಬಿಟ್ಟು ನೀಲಿ ಎಂದುಬಿಟ್ಟರೆ ನೀಲಿ. ಎಷ್ಟು ಸುಲಭ! ಮುಖ ಚೆನ್ನಾಗಿ ಕಾಣಲೆಂದು ಬಣ್ಣ ತೆಗೆದೆ ಎಂದು ಎಲ್ಲರಿಗೂ ಹೇಳಿದ್ದೇನೆ. ಅದು ಸುಳ್ಳಲ್ಲ. ಕೆಂಪನ್ನು ಹಿಂಡಿ ತೆಗೆದಾಗ ಆ ಮುದ್ದೆಯೊಳಗಿಂದ ನಿನ್ನ ಹುಬ್ಬಿನ ಕೂದಲು ಒಂದೊಂದೂ ಎದ್ದು ಬಂತು. ಆದರೆ ಅದೊಂದೇ ಕಾರಣವಲ್ಲ.

ಆ ಗಳಿಗೆಯಲ್ಲಿ ನಾನು ತೆಗೆದದ್ದು ಒಂದಲ್ಲ, ಆರು. ಮೊದಲನೆಯದಕ್ಕೆ ಓಣಿಯ ನಡುವೆ ಇದ್ದೆ. ಬೀ ತೌಹಿದಾಳ ಮುಖಕ್ಕೆ ನಿನ್ನ ತೋಳು ಅಡ್ಡವಾಯಿತೆಂದು ಮಂಡಿಯಲ್ಲೇ ತೆವಳುತ್ತಾ ಬಲಕ್ಕೆ ಸರಿದೆ, ಗೋಡೆ ತಾಗುವವರೆಗೆ. ಆರು ಚಿತ್ರದಲ್ಲೂ ಅವಳ ಮುಖ ಬೇರೆ ಬೇರೆ ಕೋನದಲ್ಲಿದೆ. ನಿನ್ನ ಕಣ್ಣು ಮಾತ್ರ ಆರರಲ್ಲೂ ನೇರ ನನ್ನ ಕ್ಯಾಮೆರಾದೊಳಗೆ ಇದೆ. ನಾನು ಸರಿದ ಹಾಗೆಲ್ಲ ನೀನು ಹಿಂಬಾಲಿಸಿದ್ದೀಯ. ಬೀ ಖೋಲೆ ಕೂತದ್ದು ಎಡಗಡೆಯ ಕಂಬದ ಹತ್ತಿರ, ಅತ್ತ ನೀನು ಒಮ್ಮೆಯೂ ತಿರುಗಲಿಲ್ಲ. ಒಲೆಯಿಲ್ಲದವಳು ನಾನು, ಆಸ್ಯಾ. ಆ ನೋಟು ನನಗೆ.

ಯಾಕೆಂದೂ ಗೊತ್ತು. ಏಪ್ರಿಲ್‌ನಲ್ಲಿ ಪೆಂಬಾ ದ್ವೀಪದ ವೇತೆಗೆ ಒಂದು ಮದುವೆಯ ಕೆಲಸಕ್ಕೆ ಹೋದಾಗ ನಿನ್ನ ಗಂಡ ಮಕಾಮೆಯನ್ನು ಕಂಡೆ. ಹೆಗಲ ಮೇಲೆ ಎರಡು ವರ್ಷದ ಮಗು, ಮಗುವಿನ ಬಾಯಲ್ಲಿ ಅಪ್ಪನನ್ನು ಕರೆಯುವ ‘ಬಾಬಾ’, ಪಕ್ಕದಲ್ಲಿ ಒಬ್ಬ ಹೆಂಗಸು. ಪೆಂಬಾದಿಂದ ದೋಣಿ ಇಳಿದವಳೇ ನಿನ್ನ ಅಡಿಗೆಮನೆಗೆ ಬಂದು ಹೇಳಿದೆ. ಬೇರೆ ಯಾರಿಗೂ ಹೇಳಲಿಲ್ಲ, ಇಂದಿಗೂ ಹೇಳಿಲ್ಲ. ನೀನು ಕೈಯಲ್ಲಿದ್ದ ಸೌಟು ಕೂಡ ಕೆಳಗಿಡದೆ, “ನಿಂಗೆ ಮನೆ ಇಲ್ಲ ಅಂತ ನನ್ನ ಮನೆ ಒಡೆಯೋಕೆ ಬಂದ್ಯಾ?” ಎಂದೆ. ಆಗ ಬೇಜಾರಾಯಿತು, ಸಿಟ್ಟು ಬರಲಿಲ್ಲ. ಗಂಡನನ್ನು ಬೈಯಲಾಗದವಳು ಯಾರನ್ನಾದರೂ ಬೈಯಬೇಕಲ್ಲ, ನಾನೇ ಸಿಕ್ಕಿದೆ ಎಂದುಕೊಂಡೆ. ಆದರೆ ಎರಡು ತಿಂಗಳು ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು, ಈದ್‌ಗೆ ಹೊಸ ಬಟ್ಟೆ ಹೊಲಿಸಿಕೊಂಡು, ಆರುನೂರು ಜನರ ನಡುವೆ, ನಾನು ಎರಡೂ ಕೈಯಲ್ಲಿ ಕ್ಯಾಮೆರಾ ಹಿಡಿದು ಮುಖ ಮುಚ್ಚಿಕೊಳ್ಳಲೂ ಆಗದೆ ಕೂತಿರುವಾಗ ನನ್ನ ಮೇಲೆ ಆ ಚರಣ ಎಸೆದೆಯಲ್ಲ, ಅದಕ್ಕೆ ಬಂತು ಸಿಟ್ಟು. ಇನ್ನೂ ಇಳಿದಿಲ್ಲ.

ನನ್ನ ತಪ್ಪನ್ನೂ ಬರೆಯುತ್ತೇನೆ. ಆ ಕೆಂಪಿನಲ್ಲಿ ನಿನ್ನ ಮುಖ ನೋಡಲಾಗದೆ ಬಣ್ಣ ತೆಗೆದೆ. ಅಷ್ಟಕ್ಕೇ ಬಿಡಬಹುದಿತ್ತು. ಗೋಡೆಗೆ ಹಾಕಿದ್ದು ಯಾಕೆಂದರೆ ನನ್ನ ಕೈಯಿಂದ ಅದಕ್ಕಿಂತ ಒಳ್ಳೆಯ ಚಿತ್ರ ಬಂದಿಲ್ಲ, ಅದು ಒಂದು. ಮತ್ತೆ, ನೀನು ಬಂದು ನೋಡಬೇಕಿತ್ತು. ನನಗೆ ತಾಗಿತು, ನನಗೆ ಕಂಡಿತು ಎಂದು ನಿನಗೆ ತಿಳಿಯಬೇಕಿತ್ತು. ನಿನಗಿಂತ ಮೊದಲು ಬೀ ಖೋಲೆ ಬಂದು ನೋಡುತ್ತಾಳೆಂದು ನನ್ನ ತಲೆಗೆ ಹೊಳೆಯಲಿಲ್ಲ. ಸಿಟ್ಟಿನಲ್ಲಿ ಹೊಳೆಯುವುದೂ ಇಲ್ಲ.

ಚಿತ್ರ ಇಳಿಸಿದ್ದೇನೆ. ಬಣ್ಣದ್ದು ಆರೂ ನನ್ನ ಹತ್ತಿರ ಇವೆ. ಅವನ್ನು ಬೀ ಖೋಲೆಗೆ ತೋರಿಸಿದರೆ ಗುರಿ ಅವಳಲ್ಲವೆಂದು ಯಾರಿಗಾದರೂ ತಿಳಿಯುತ್ತದೆ, ಮದುವೆ ನಡೆಯುತ್ತದೆ. ಇದು ನಿನಗೂ ಹೊಳೆದಿದೆ. ಆದರೆ ಜೋಖಾಳನ್ನು ಯಾಕೆ ಬೈದೆ ಎಂದು ಅವಳು ಮರುಪ್ರಶ್ನೆ ಕೇಳುತ್ತಾಳೆ, ವೇತೆಯ ಎರಡನೇ ಮನೆಯ ಗುಟ್ಟು ಹೊರಗೆ ಬೀಳುತ್ತದೆ. ಅದಕ್ಕೇ ನಿನಗೆ ನೀಲಿ ಬೇಕು. ನಿನ್ನ ಗಂಡನ ಮಾನ ಉಳಿಯಬೇಕು, ನಿನ್ನ ಮಗಳ ಮದುವೆ ಆಗಬೇಕು, ನಾನು ಬೈಸಿಕೊಂಡಿದ್ದೂ ಅಲ್ಲದೆ ಬೈದೇ ಇಲ್ಲವೆಂದು ಸಾಕ್ಷಿ ನುಡಿಯಬೇಕು. ನನ್ನನ್ನು ಏನೆಂದುಕೊಂಡಿದ್ದೀಯ? ನನ್ನ ಕ್ಯಾಮೆರಾ ಕಂಡದ್ದನ್ನು ಕಂಡಿಲ್ಲ ಎಂದು ನಾನು ಹೇಳಿದರೆ ನಾಳೆ ಯಾವ ಮುಖ ಹೊತ್ತು ಅದನ್ನು ಕೈಗೆತ್ತಿಕೊಳ್ಳಲಿ? ನಾನು ಸುಳ್ಳು ಹೇಳುವುದಿಲ್ಲ. ನೀನೇ ಹೋಗಿ ನಿಜ ಹೇಳು, ಇಲ್ಲವೇ ಮಗಳಿಗೆ ಕಾರಣ ಹೇಳು. ಎರಡರಲ್ಲಿ ಒಂದು ನಿನ್ನ ಪಾಲಿನ ಕೆಲಸ, ನನ್ನದಲ್ಲ.

ಇನ್ನು ನನ್ನ ಅಂಗಡಿಯ ಕಡೆ ಬರಬೇಡ. ನಿನ್ನ ಮನೆಯ ಚಿತ್ರಗಳೆಲ್ಲ ಒಂದು ಪೆಟ್ಟಿಗೆಯಲ್ಲಿವೆ, ಬೇಕಿದ್ದರೆ ಯಾರನ್ನಾದರೂ ಕಳಿಸು.

ನಿನ್ನ ಗೆಳತಿಯಾಗಿದ್ದ,
ಜೋಖಾ

ತಾ.ಕ.: ಲಕೋಟೆ ಅಂಟಿಸಿ ಹೊರಟವಳು ನಿನ್ನ ಮನೆಯ ತಿರುವಿನಲ್ಲಿ ನಿಂತೆ. ಮೇಲಿನ ಕಿಟಕಿಯಲ್ಲಿ ಸಬ್ರಾ ಕಂಡಳು. ನನ್ನನ್ನು ನೋಡಿ ಎಂದಿನಂತೆ ಕೈ ಎತ್ತಿದಳು, ಆಮೇಲೆ ಏನೋ ನೆನಪಾಗಿ ಇಳಿಸಿದಳು. ನಾನು ಅಲ್ಲಿಂದ ಸೀದಾ ಬೀ ಖೋಲೆಯ ಮನೆಗೆ ಹೋದೆ. ಆರೂ ಚಿತ್ರ ಚಾಪೆಯ ಮೇಲೆ ಸಾಲಾಗಿ ಇಟ್ಟೆ. ಅವಳು ಕನ್ನಡಕ ಹಾಕಿಕೊಂಡು ಒಂದೊಂದನ್ನೇ ನೋಡಿ, “ಅಯ್ಯೋ, ಇದು ನಿನ್ನನ್ನಲ್ವೇನೇ ನೋಡ್ತಿರೋದು! ಬೈಸಿಕೊಳ್ತಾನೇ ಆರು ಸಲ ಒತ್ತಿದ್ಯಾ?” ಎಂದು ನಕ್ಕುಬಿಟ್ಟಳು. ಆಮೇಲೆ ನೀನು ಹೆದರಿದ ಪ್ರಶ್ನೆಯನ್ನೇ ಕೇಳಿದಳು. “ಮಕಾಮೆ ಮೇಲೆ ನಂಗೆ ಕಣ್ಣಿತ್ತು ಬೀ, ಆಸ್ಯಾಗೆ ಗೊತ್ತಾಗಿಬಿಡ್ತು” ಎಂದೆ. ಹೇಗೆ ಬಾಯಿಗೆ ಬಂತೋ ಗೊತ್ತಿಲ್ಲ. ಅವಳು ಕೂಡಲೇ ನಂಬಿದಳು, ಅದರಿಂದಲೇ ನನಗೆ ಹೆಚ್ಚು ನೋವಾಯಿತು. ಬುಟ್ಟಿ ಸಂಜೆಯೊಳಗೆ ನಿನ್ನ ಮನೆಗೆ ಬರುತ್ತದೆ, ಮದುವೆ ಗುರುವಾರವೇ. ಚಿತ್ರ ತೆಗೆಯಲು ಬೇರೆ ಯಾರನ್ನಾದರೂ ಗೊತ್ತುಮಾಡಿಕೋ. ಬೀ ಖೋಲೆಯ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ, ನಾಳೆ ಬೆಳಗಾಗುವಷ್ಟರಲ್ಲಿ ಕಿಕ್ವಾಜುನಿಗೆಲ್ಲ ತಿಳಿದಿರುತ್ತದೆ. ಯಾರಾದರೂ ನಿನ್ನ ಹತ್ತಿರ ಬಂದು ನನ್ನ ವಿಷಯ ಎತ್ತಿದರೆ ಸುಮ್ಮನಿರಬೇಡ. ನಿನ್ನೆ ಬೈದಷ್ಟೇ ಜೋರಾಗಿ ಬೈಯಿ. ನೀನು ಬೈಯದಿದ್ದರೆ ಯಾರೂ ನಂಬುವುದಿಲ್ಲ.