ನಾನು ಕುಡಿಯೋ ನೀರು

ಜೂನ್ 4, ಸಂಜೆ 7
ಉಪ್ಪಿನಂಶ ಸರಿ ಇದೆ. ಟೆಂಪರೇಚರ್ 26. ಮೀನಿನ ತೊಟ್ಟಿಯ ಗಾಜಿನ ಪಾಚಿ ಕೆರೆದೆ. ಇವತ್ತೂ ಎರಡು ಚೊಂಬು ನೀರು ಕಮ್ಮಿ. ನೀರು ಆವಿಯಾಗುತ್ತೆ, ಉಪ್ಪು ಅಲ್ಲೇ ಉಳಿಯುತ್ತೆ. ಅದಕ್ಕೇ ಫಿಲ್ಟರ್ ನೀರನ್ನು ಕ್ಯಾನಿಗೆ ಹಿಡಿದಿಟ್ಟು, ಗಾಜಿನ ಮೇಲೆ ಎಳೆದಿರೋ ಗೆರೆ ತನಕ ಹಾಕಬೇಕು. ಸಮುದ್ರವೇ ಇಲ್ಲದ ಯಾದವಗಿರಿಯಲ್ಲಿ ಎರಡು ಮೀನು, ಒಂದು ಸೀಗಡಿ, ಒಂದಿಷ್ಟು ಜೀವಂತ ಹವಳ ಇಟ್ಟುಕೊಂಡು ಸಮುದ್ರ ಸಾಕೋದು ಅಂದ್ರೆ ಇಷ್ಟೇ... ದಿನಾ ಗೆರೆ ನೋಡೋದು.

ಆಮೇಲೆ ಕೈ ಒಳಗಿಟ್ಟೆ. ಸೀಗಡಿ ಬಂತು. ಕೆಂಪು ಬೆನ್ನು, ನಡುವೆ ಬಿಳಿ ಪಟ್ಟೆ, ನನಗಿಂತ ಒಳ್ಳೆ ಮೀಸೆ. ಉಗುರಿನ ಸಂದಿ ಒಂದೊಂದಾಗಿ ಕೆದಕಿ ಕ್ಲೀನ್ ಮಾಡಿತು. ಮೀನುಗಳಿಗೂ ಹೀಗೇ ಮಾಡುತ್ತೆ. ನನ್ನನ್ನೂ ಒಂದು ಮೀನು ಅಂದುಕೊಂಡಿದೆ. ಇಡೀ ದಿನದಲ್ಲಿ ನನ್ನನ್ನು ಮುಟ್ಟುವ ಜೀವ ಇದೊಂದೇ. ಬರೆದ ಮೇಲೆ ನಾಚಿಕೆ ಆಯ್ತು. ಇರಲಿ, ಯಾರು ಓದ್ತಾರೆ.

ಜೂನ್ 9
ಸೀಗಡಿಗೆ ಕೈ ಕೊಟ್ಟು ಕೂತಿದ್ದೆ, ಮಾದೇವಮ್ಮ ಅಡುಗೆಮನೆಯಿಂದ ಇಣುಕಿದರು. ಅಮ್ಮ ಇದ್ದಾಗ ಅಡುಗೆಗೆ ಬಂದವರು, ಹದಿನಾಲ್ಕು ವರ್ಷ. ಅವರ ಹತ್ತಿರಾನೇ ಮನೆಯ ಒಂದು ಕೀ ಇದೆ. ಬೆಲ್ ಒತ್ತಿದವರೇ ಅಲ್ಲ.

"ಏನ್ ಸಾ, ಅದ್ರ ಕೈಲಿ ಉಗುರು ತೆಗುಸ್ಕತಾ ಇದ್ದೀರಾ? ನಮ್ಮನೇಲಾಗಿದ್ರೆ ಇಷ್ಟೊತ್ಗೆ ಸಾರಾಗೋಗದು."

ನಕ್ಕೆ. ನಕ್ಕರೆ ಹೊಟ್ಟೆ ಹಿಡಿದುಕೊಳ್ಳುತ್ತೆ. ಪಿತ್ತಕೋಶದಲ್ಲಿ ಕಲ್ಲು, 16ಕ್ಕೆ ಆಪರೇಷನ್. ಹೋಗುವಾಗ ಎಂದಿನಂತೆ ನನಗೆ ಕುಡಿಯೋ ನೀರು ಫಿಲ್ಟರಿನಿಂದ ಬಿಂದಿಗೆಗೆ ತುಂಬಿಟ್ಟು ಹೋದರು.

ಜೂನ್ 15, ಆಸ್ಪತ್ರೆ
ಫಾರಂ ತುಂಬೋದಿತ್ತು. ರೋಗಿಯ ಹೆಸರು, ವಾಗೀಶ. 'ರೋಗಿಯ ಜೊತೆಗಿರುವವರು' ಅಂತ ಒಂದು ಖಾನೆ. ಪೆನ್ ಹಿಡಿದು ಕೂತೆ. "ಯಾರೂ ಇಲ್ವಾ ಸರ್?" ಅಂದರು ಕೌಂಟರಿನವರು. ಮಾದೇವಮ್ಮ ಅಂತ ಬರೆದೆ. ಮುಂದಿನ ಖಾನೆ, ಸಂಬಂಧ. ಖಾಲಿ ಬಿಟ್ಟೆ.

ಜೂನ್ 21
ಜ್ವರ ಬಿಟ್ಟಿಲ್ಲ. ಇನ್ನೂ ಒಂದು ವಾರ ಇರಿ ಅಂದ್ರು. ಮಾದೇವಮ್ಮ ದಿನಾ ಮಧ್ಯಾಹ್ನ ಗಂಜಿ ತರುತ್ತಾರೆ, ನಾನು ಮುಗಿಸೋ ತನಕ ಏಳಲ್ಲ. ಬೆಳಿಗ್ಗೆ ಅವರ ಫೋನ್: "ಸಾ, ಕ್ಯಾನಿನ್ ನೀರು ಮುಗ್ದೋಯ್ತು. ತೊಟ್ಟಿಗೆ ನಲ್ಲಿ ನೀರು ಉಯ್ಲಾ?"

ಅಯ್ಯೋ ಬೇಡ! ನಾನು ಕುಡಿಯೋ ನೀರನ್ನೇ ಹಾಕಿ, ಗೆರೆ ತನಕ, ಅಂದೆ.

"ಅಂಗೇ ಆಗ್ಲಿ ಬುಡಿ."

ಜೂನ್ 30
ಮನೆ. ಎರಡೂ ಮೀನು ಆರಾಮ. ಹವಳ ಎಲ್ಲಾ ಮುದುಡಿಕೊಂಡಿವೆ. ಸೀಗಡಿ ಕಲ್ಲಿನ ಹಿಂದೆ ಪಕ್ಕಕ್ಕೆ ವಾಲಿತ್ತು. ಕೈ ಇಟ್ಟೆ. ಮೀಸೆ ಆಡಿಸಿತು, ಬರಲಿಲ್ಲ. ಉಪ್ಪು ಸರಿ, ಟೆಂಪರೇಚರ್ ಸರಿ. ಮತ್ತೇನು?

ಜುಲೈ 1
ಹೋಯ್ತು.

ಯಾವ ನೀರು ಹಾಕಿದ್ರಿ ಅಂತ ಕೇಳಿದೆ. ಮಾದೇವಮ್ಮ ತಾಮ್ರದ ಬಿಂದಿಗೆ ತೋರಿಸಿದರು. ಹುಣಸೆಹಣ್ಣು ಹಾಕಿ ಫಳಫಳ ಅನ್ನೋ ಹಾಗೆ ಬೆಳಗಿದ್ದರು.

"ಸಂಜೇನೇ ತುಂಬಿಟ್ಟು ಬೆಳಗ್ಗೆ ಉಯ್ತಿದ್ದೆ ಸಾ. ತಾಮ್ರದ್ ನೀರು ಒಳ್ಳೇದಲ್ವಾ."

ತಾಮ್ರ! ಮೀನು ಹೇಗೋ ತಡೆದುಕೊಳ್ಳುತ್ತೆ. ಸೀಗಡಿಗೆ, ಹವಳಕ್ಕೆ ವಿಷ. ಕೂಗಾಡಿದೆ. ಏನೇನು ಅಂದೆ ಅಂತ ಇಲ್ಲಿ ಬರೆಯೋಕೂ ಮುಖ ಇಲ್ಲ. "ನನ್ ಕೈಯಾರೆ ಕೊಂದ್ಬುಟ್ನಾ ಸಾ?" ಅಂದರು, ಅಷ್ಟೇ. ಕೀ ಕೊಟ್ಟು ಹೋಗಿ ಅಂದೆ. ಸೆರಗಿನ ಗಂಟು ಬಿಚ್ಚಿ ಕೊಟ್ಟರು. ಅನ್ನಕ್ಕೆ ಇಟ್ಟಿದ್ದರು. ಗ್ಯಾಸ್ ಆಫ್ ಮಾಡಿ ಹೋದರು.

ಜುಲೈ 2
ಕಾಲು ಭಾಗ ನೀರು ಬದಲಾಯಿಸಿದೆ. ಹೊಲಿಗೆ ಎಳೆಯುತ್ತೆ. ಊಟಕ್ಕೆ ಬ್ರೆಡ್.

ಜುಲೈ 6
ಬಾಯಾರಿತ್ತು. ಬಿಂದಿಗೆಯಿಂದ ಬಗ್ಗಿಸಿಕೊಂಡೆ. ಲೋಟ ಬಾಯಿಗಿಟ್ಟು ಹಾಗೇ ನಿಂತೆ.

ನಾನು ಕುಡಿಯೋ ನೀರು... ಫಿಲ್ಟರಿನದ್ದು ಅಂತ ನನ್ನ ಮನಸ್ಸಲ್ಲಿತ್ತು, ಬಾಯಲ್ಲಿ ಬರಲಿಲ್ಲ. ಹದಿನಾಲ್ಕು ವರ್ಷದಿಂದ ನಾನು ಕುಡಿಯೋದು ಈ ಬಿಂದಿಗೆಯದ್ದೇ. ನಾನು ಹೇಳಿದ್ದನ್ನು ಅಕ್ಷರ ಬಿಡದೆ ಮಾಡಿದ್ದಾರೆ. ಗಂಜಿಯ ಜೊತೆ, ಬಸ್ಸಿನ ಓಡಾಟದ ಜೊತೆ, ಬಿಂದಿಗೆ ಬೇರೆ ಬೆಳಗಿದ್ದಾರೆ. ಕೊಂದವನು ನಾನು. ಕೂಗಾಡಿದವನೂ ನಾನೇ. ಥೂ.

ಫೋನ್ ಮಾಡಿದೆ. ಎತ್ತಲಿಲ್ಲ. ಸಂಜೆ ಮತ್ತೆ ಮಾಡಿದೆ. ಸ್ವಿಚ್ ಆಫ್.

ಜುಲೈ 8
ಆಟೋ ಹಿಡಿದು ಮಾದೇವಮ್ಮ ಇರೋ ಕುಂಬಾರಕೊಪ್ಪಲಿಗೆ ಹೋದೆ. ಅವರ ಮನೆ ಯಾವುದು ಅಂತ ಇಷ್ಟು ವರ್ಷದಲ್ಲಿ ಕೇಳಿಯೇ ಇರಲಿಲ್ಲ. ಮೂರು ಕಡೆ ವಿಚಾರಿಸಿ ಹುಡುಕಿದೆ. ಬೀಗ. ಪಕ್ಕದ ಮನೆಯ ಹೆಂಗಸು ಬಾಗಿಲಿಗೆ ಬಂದರು.

"ಊರಿಗೋಗವ್ರೆ. ನೀವು ಅವ್ರಿಗೆ ಏನಾಗ್ಬೇಕು?"

ಇಲ್ಲೂ ಅದೇ ಖಾನೆ. ವಾಗೀಶ ಬಂದಿದ್ದ ಅಂತ ಹೇಳಿ, ತಪ್ಪು ಅವನದ್ದೇ ಅಂತೆ ಅಂತ ಹೇಳಿ, ಅಂದೆ. ಆ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

ಜುಲೈ 13, ಬೆಳಿಗ್ಗೆ 8.40
ಒಂದು ಹವಳ ಬಿಚ್ಚಿಕೊಂಡಿದೆ. ಒಂದೇ, ಕಿರುಬೆರಳಿನಷ್ಟು. ಉಳಿದವು ಬೆಳ್ಳಗಾಗಿವೆ.

ಕ್ಯಾನಿನ ನೀರು ಹಾಕಿ ಗೆರೆಗೆ ತಂದೆ. ಅಭ್ಯಾಸಕ್ಕೆ ಕೈ ಒಳಗಿಟ್ಟೆ. ಐದು ನಿಮಿಷ ಇಟ್ಟಿದ್ದೆನೋ ಏನೋ. ಯಾರೂ ಬರಲಿಲ್ಲ. ಒರೆಸಿಕೊಂಡು ಇದನ್ನು ಬರೀತಾ ಕೂತಿದ್ದೇನೆ.

ಬೆಲ್. ಪೇಪರ್ ಬಂದಾಯ್ತು, ಹಾಲೂ ಬಂದಾಯ್ತು. ಈ ಹೊತ್ತಲ್ಲಿ ನನ್ನ ಮನೆ ಬೆಲ್ ಯಾರು ಒತ್ತುತ್ತಾರೆ? ಮಾದೇವಮ್ಮ ಅಂತೂ ಬೆಲ್ ಒತ್ತೋದೇ ಇಲ್ಲ...

ಮತ್ತೆ ಬೆಲ್.

ಅವರ ಕೀ ನನ್ನ ಮೇಜಿನ ಮೇಲೇ ಇದೆಯಲ್ಲ. ಈಗ ಅವರು ಬಂದರೂ ಬೆಲ್ಲೇ ಒತ್ತ—