ಎಂಟು ಸೆಲ್ಲಿನ ಪಂಪು

ಗಬ್ಬೂರು
೧೪-೧೦-೧೯೮೪, ಭಾನುವಾರ

ಮಗ ಸಾಬಣ್ಣನಿಗೆ ನಿನ್ನ ಅಪ್ಪನ ಆಶೀರ್ವಾದ.

ಮಾನ್ವಿಯಲ್ಲಿ ನೀನು, ಸೊಸೆ, ಬೀಗರು ಎಲ್ಲರೂ ಆರಾಮ ಇದ್ದೀರೆಂದುಕೊಂಡಿದ್ದೇನೆ. ಅತ್ತೆ ಮನೆಯಲ್ಲಿ ಹದಿನೆಂಟು ದಿನ ಉಂಡವನಿಗೆ ಆರೋಗ್ಯ ಕೇಳುವುದಕ್ಕಿಂತ ನಡುವಿನ ಅಳತೆ ಕೇಳುವುದೇ ಸರಿ. ಇಲ್ಲಿ ನಿನ್ನ ಅವ್ವನ ಮೊಣಕಾಲು ಮೊದಲಿನಂತೆಯೇ ನೋಯುತ್ತದೆ, ಬಾಯಿ ಮಾತ್ರ ಮೊದಲಿಗಿಂತ ಚುರುಕು. ನಾನು ಗಟ್ಟಿ.

ಹತ್ತಿಗೆ ಕಾಯಿಹುಳ ಬಿದ್ದಿದೆ. ನೀನು ತಂದ ಸೆಲ್ಲಿನ ಪಂಪು ಹಿಡಿದು ಹೊಲಕ್ಕೆ ಹೋದೆ. ನೀನಿದ್ದಾಗಲೇ ಅದರ ತುದಿಯ ಚಕ್ರ ಉಂಡೆದ್ದ ಬೀಗರಂತೆ ನಿಧಾನವಾಗಿತ್ತಲ್ಲ, ಈಗ ತಿರುಗುವುದನ್ನೇ ಮರೆತಿತ್ತು. ಹುಳ ಕೊಲ್ಲುವ ಎಣ್ಣೆ ಮಂಜಿನಂತೆ ಹಾರುವ ಬದಲು ದಪ್ಪ ಹನಿಯಾಗಿ ನನ್ನ ಕಾಲ ಮೇಲೇ ಬಿತ್ತು. ಹುಳಕ್ಕೆ ನೆಗಡಿಯೂ ಆಗಲಿಲ್ಲ. ಎಂಟೂ ಸೆಲ್ಲು ತೆಗೆದು ಮಾಳಿಗೆಯ ಮೇಲೆ ಮೆಣಸಿನಕಾಯಿ ಪಕ್ಕದಲ್ಲಿ ಬಿಸಿಲಿಗೆ ಒಣಗಹಾಕಿದೆ. ಬಿಸಿಲುಂಡ ಸೆಲ್ಲು ಎರಡು ಸಾಲು ಓಡಿ ಮತ್ತೆ ಮಲಗಿದವು. ಅಷ್ಟರಲ್ಲಿ ಪಕ್ಕದ ಮನೆಯ ಪರಮಣ್ಣ ಬಂದು ತನ್ನ ಕೈಬ್ಯಾಟರಿ ದೀಪದ ಸೆಲ್ಲಿಗೂ ಉಪಾಯ ಕೇಳಿದ. ಕಾವಿಗೆ ಕೂತ ಕೋಳಿಯ ಕೆಳಗೆ ಮೂರು ದಿನ ಇಡು ಎಂದೆ. ಪುಣ್ಯಾತ್ಮ ಇಟ್ಟೇಬಿಟ್ಟ! ನಾಲ್ಕನೇ ದಿನ ಅವನ ಹೆಂಡತಿ ವೆಂಕಮ್ಮ ನಮ್ಮ ಬಾಗಿಲಲ್ಲಿ ನಿಂತು, "ಯಜ್ಜಾ, ನಿನ್ನ ಮಾತು ಕೇಳಿ ನಮ್ಮ ಕೋಳಿ ಗೂಡು ಬಿಟ್ಟು ಓಡ್ಯದ. ಮಗನ್ನ ಓಡಿಸಿದ್ದು ಸಾಲಲಿಲ್ಲೇನು?" ಎಂದಳು. ನಕ್ಕೆ. ನಿನ್ನ ಅವ್ವ ನಗಲಿಲ್ಲ.

ಎಂಟೂ ಬದಲಿಸಬೇಕೆಂದು ನೀನು, ನಾಲ್ಕು ಸಾಕೆಂದು ನಾನು. ಅದಕ್ಕೇ ತಾನೇ ಅವತ್ತು ಮಾತು ಬೆಳೆದು, "ನನಗ ಕಲಸ್ತೀಯೇನಲೇ, ಇದು ನನ್ನ ಹೊಲ" ಎಂದು ನಾನು ಅಂದದ್ದು, ನೀನು ಬಸ್ಸು ಹತ್ತಿದ್ದು? ಹಟ ಬಿಡಲಿಲ್ಲ. ದೇವದುರ್ಗಕ್ಕೆ ಹೋಗಿ ನಾಲ್ಕೇ ಹೊಸವು ತಂದು, ಹಳೆಯ ನಾಲ್ಕರ ಜೊತೆ ಕೂಡಿಸಿದೆ. ಮುದಿ ಎತ್ತಿನ ಜೋಡಿ ಹೋರಿ ಕಟ್ಟಿದರೆ ಗಳೆ ನಡೆಯುವುದಿಲ್ಲವೇ ಎಂಬ ಲೆಕ್ಕ. ಒಂದು ದಿನ ಚಕ್ರ ಗಿರ್ರೆಂದಿತು, ಎರಡನೇ ದಿನ ಎಂಟೂ ಸತ್ತವು. ರೇಡಿಯೋ ರಿಪೇರಿಯ ದಸ್ತಗೀರ್ ಸಾಬನಲ್ಲಿಗೆ ಒಯ್ದೆ. ಸಣ್ಣ ಬಲ್ಬಿಗೆ ಒಂದೊಂದನ್ನೇ ಹಚ್ಚಿ ನೋಡಿ, "ಹಳೇವು ಹೊಸಾವ್ರ ಜೀವ ತಿಂದಾವ್ರೀ, ಕಾಕಾ. ಬದಲಿ ಮಾಡಿದ್ರ ಎಲ್ಲಾ ಮಾಡ್ರಿ" ಎಂದ. ನಾನೂ ಹಳಬ, ಎಂಟೂ ಸೆಲ್ಲು ಚೀಲಕ್ಕೆ ಹಾಕಿಕೊಂಡು ಎದ್ದು ಬಂದೆ.

ಸೊಸೆಗೆ ನನ್ನ ಆಶೀರ್ವಾದ, ಬೀಗರಿಗೆ ಶರಣು. ಸಂಡಿಗೆ ಕಳಿಸಿದ್ದಕ್ಕೆ ನಿನ್ನ ಅವ್ವ ಬೀಗಿತ್ತಿಯನ್ನು ನೆನೆದಳು.

ನಿನ್ನ ಅಪ್ಪ,
ವಿರೂಪಣ್ಣ

ತಾ.ಕ.: ಈ ಕಾಗದ ಒಯ್ಯಬೇಕಾದ ಮಾನ್ವಿ ಬಸ್ಸು ಹಾರ್ನು ಹೊಡೆಯುತ್ತಿದೆ, ಬೇಗ ಬರೆಯುತ್ತೇನೆ. ಎಂಟು ಹೊಸ ಸೆಲ್ಲು ತಂದು ಗೋಡೆಯ ಗೂಡಿನಲ್ಲಿ ಇಟ್ಟಿದ್ದೇನೆ, ಸುತ್ತಿದ ಕಾಗದ ಬಿಚ್ಚಿಲ್ಲ. ರಸ್ತೆ ಕಡೆಯ ಹತ್ತಿ ಹೋಯಿತು, ಬಾವಿ ಕಡೆಯದು ಇನ್ನೂ ಉಳಿದಿದೆ. ಬುಧವಾರದೊಳಗೆ ಹೊಡೆಯದಿದ್ದರೆ ಅದೂ ಇಲ್ಲ. ಯಾವ ಎಣ್ಣೆ, ಎಷ್ಟು, ಬರುವ ವರ್ಷ ಯಾವ ಬೀಜ, ಎಲ್ಲ ನೀನೇ ಹೇಳು. ಅವತ್ತು ನೀನು ಹೇಳಿದ್ದೇ ಸರಿ ಇತ್ತು. ಬರುವಾಗ ಈ ಕಾಗದ ಮಾತ್ರ ತರಬೇಡ. ಪರಮಣ್ಣನ ಕೈಗೆ ಸಿಕ್ಕರೆ ಊರೆಲ್ಲ ಓದಿಸುತ್ತಾನೆ.